ರೌಂಡ್ ಹೊಡೆಸಿದರೆ ಶಿಸ್ತು ಬರಲ್ಲ

ಹೊಸ ಹುಡುಗರನ್ನು ನನ್ನ ಫುಟ್‌ಬಾಲ್ ಕೋಚಿಂಗ್‌ಗೆ ಸೇರಿಸಲು ಬರುವ ಅಪ್ಪಂದಿರ ಮಾತು ಹೆಚ್ಚುಕಮ್ಮಿ ಒಂದೇ ಥರ ಇರುತ್ತದೆ. "ಸರ್, ಆಟ ಆಮೇಲೆ. ಮೊದ್ಲು ಇವನಿಗೆ ಒಂಚೂರು ಡಿಸಿಪ್ಲಿನ್ ಕಲಿಸ್ರಿ. ಮನೆಯಾಗೆ ಮಾತೇ ಕೇಳಲ್ಲ. ನಾಲ್ಕು ಬಿಟ್ರೂ ನಾವೇನೂ ಅನ್ನಲ್ಲ." ಹುಡುಗ ಪಕ್ಕದಲ್ಲೇ ನಿಂತು ಚಪ್ಪಲಿ ತುದಿಯಿಂದ ಮಣ್ಣು ಕೆರೆಯುತ್ತಿರುತ್ತಾನೆ. ಆಗಸ್ಟ್ ಹತ್ತಿರ ಬಂದರೆ ಇದಕ್ಕೆ ಇನ್ನೊಂದು ಸೇರಿಕೊಳ್ಳುತ್ತದೆ. "ಹಂಗೇ ದೇಶಭಕ್ತಿನೂ ಬರ್ಲಿ ಸರ್. ಮಿಲಿಟ್ರಿ ಥರ ಮಾಡ್ರಿ."

"ಆಯ್ತು ಬಿಡ್ರಿ, ನೋಡ್ಕೋತೀನಿ" ಅಂದುಬಿಟ್ಟರೆ ಅಲ್ಲಿಗೆ ಮುಗಿಯಿತು. ನನಗೆ ಹಾಗೆ ಅನ್ನಲು ಬಾಯಿ ಬರಲ್ಲ. ಅಪ್ಪಂದಿರು ಕೇಳುವ ಶಿಸ್ತು ಬೇರೆ, ಫುಟ್‌ಬಾಲ್‌ಗೆ ಬೇಕಾದ ಶಿಸ್ತು ಬೇರೆ. ದೇಶಭಕ್ತಿಯ ವಿಷಯದಲ್ಲೂ ಹಾಗೇ.

ನಮ್ಮ ದಾವಣಗೆರೆ ಮೊದಲಿಂದಲೂ ಕುಸ್ತಿಯ ಊರು. ಗರಡಿ ಮನೆಯಲ್ಲಿ ಉಸ್ತಾದರು ಹೇಳಿದ್ದೇ ಕೊನೆ. ಅದಾದ ಮೇಲೆ ಶಾಲೆಯ ಡ್ರಿಲ್ ಮೇಷ್ಟ್ರು ಬಂದರು, ಅವರ ಕೈಯಲ್ಲಿ ಸೀಟಿ, ಇನ್ನೊಂದು ಕೈಯಲ್ಲಿ ಬೆತ್ತ. ನಮ್ಮ ತಲೆಯಲ್ಲಿ ಶಿಸ್ತು ಅಂದರೆ ಈ ಎರಡೇ ಚಿತ್ರ. ಗರಡಿಗೆ ಅದು ಸರಿಹೋಗುತ್ತದೋ ಏನೋ, ನಾನು ಕುಸ್ತಿ ಕಲಿಸುವವನಲ್ಲ. ಆದರೆ ನಾನು ಕಲಿಸುವ ಆಟದಲ್ಲಿ ಕೋಚ್‌ಗೆ ಟೈಮ್‌ಔಟ್ ಅನ್ನೋದೇ ಇಲ್ಲ. ವಾಲಿಬಾಲ್‌ನಲ್ಲಿ ಇದೆ, ಕಬಡ್ಡಿಯಲ್ಲಿ ಇದೆ. ಪಾಯಿಂಟ್ ಹೋಗುತ್ತಿದ್ದರೆ ಕರೆದು ನಾಲ್ಕು ಮಾತು ಹೇಳಿ ಕಳಿಸಬಹುದು. ಫುಟ್‌ಬಾಲ್‌ನಲ್ಲಿ 45 ನಿಮಿಷ ಆಟ ನಡೆದೇ ನಡೆಯುತ್ತದೆ. ನಾನು ಗೆರೆಯ ಆಚೆ ನಿಂತು ಗಂಟಲು ಹರಿದುಕೊಂಡರೂ ಆ ತುದಿಯ ಡಿಫೆಂಡರ್‌ಗೆ ಕೇಳಿಸಲ್ಲ. ಹೇಳಿದ್ದನ್ನು ಮಾತ್ರ ಮಾಡುವ ಹುಡುಗ ಅಲ್ಲಿ ಕಂಬದ ಥರ ನಿಂತುಬಿಡುತ್ತಾನೆ. ನನಗೆ ಬೇಕಿರೋದು ಯಾರೂ ಹೇಳದಿದ್ದರೂ ಬಾಲ್ ಕಳೆದುಕೊಂಡ ಕೂಡಲೇ ವಾಪಸ್ ಓಡಿಬರುವವನು.

ಇನ್ನು ಓಟದ ವಿಷಯ. ತಡವಾಗಿ ಬಂದರೆ ಗ್ರೌಂಡ್ ಸುತ್ತ ಐದು ರೌಂಡ್. ಮಾತಾಡಿದರೆ ಮೂರು ರೌಂಡ್. ಜರ್ಸಿ ಮರೆತರೆ ಬಸ್ಕಿ. ಯಾವ ಮೈದಾನಕ್ಕೆ ಹೋದರೂ ಬೆಳಿಗ್ಗೆ ಇದು ಕಾಣುತ್ತದೆ. ದೊಡ್ಡವರ ಪಂದ್ಯದಲ್ಲಿ ಒಬ್ಬ ಒಳ್ಳೆ ಮಿಡ್‌ಫೀಲ್ಡರ್ 90 ನಿಮಿಷದಲ್ಲಿ 10ರಿಂದ 12 ಕಿಲೋಮೀಟರ್ ಓಡುತ್ತಾನೆ. ಅದೂ ಒಂದೇ ವೇಗದಲ್ಲಲ್ಲ. ನಿಂತು, ತಿರುಗಿ, ಜಿಗಿದು, ಮತ್ತೆ ಓಡಿ. ಇಷ್ಟು ಓಟ ಬೇಕಾದ ಆಟಕ್ಕೆ ಮಕ್ಕಳನ್ನು ತಯಾರು ಮಾಡುವವನು ಓಟವನ್ನೇ ಶಿಕ್ಷೆ ಮಾಡಿದರೆ ಏನಾಗುತ್ತದೆ? ಹುಡುಗನ ತಲೆಯಲ್ಲಿ ಓಡೋದು ಅಂದರೆ ತಪ್ಪು ಮಾಡಿದವರು ಮಾಡುವ ಕೆಲಸ ಅಂತ ಕೂತುಬಿಡುತ್ತದೆ. ಅಡುಗೆ ಕಲಿಸುತ್ತಾ ಉಪ್ಪು ಜಾಸ್ತಿ ಹಾಕಿದ್ದಕ್ಕೆ ಊಟ ಮಾಡಿಸೋದು ಶಿಕ್ಷೆ ಅಂದ ಹಾಗೆ.

ಹೊಡೆಯೋದರ ಬಗ್ಗೆ ಚರ್ಚೆಯೇ ಬೇಡ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಶಾಲೆಯಲ್ಲಿ ಮಗುವಿಗೆ ಹೊಡೆಯೋದನ್ನೂ ಮಾನಸಿಕವಾಗಿ ಹಿಂಸಿಸೋದನ್ನೂ ನಿಷೇಧಿಸಿದೆ. ಮೈದಾನಕ್ಕೆ ಬಂದ ತಕ್ಷಣ ಅದೇ ಮಗುವಿನ ಬೆನ್ನಿಗೆ ಬೇರೆ ನ್ಯಾಯ ಅನ್ನೋದನ್ನು ನಾನು ಒಪ್ಪಲ್ಲ. ಅಪ್ಪ ಅನುಮತಿ ಕೊಟ್ಟರೂ ಅಷ್ಟೇ.

ಹಾಗಾದರೆ ತಡವಾಗಿ ಬರುವವನಿಗೆ ಏನು ಮಾಡೋದು? ನಾನು ಪ್ರಾಕ್ಟೀಸ್‌ನ ಕ್ರಮವನ್ನೇ ತಿರುಗಿಸಿಬಿಟ್ಟಿದ್ದೇನೆ. ಮಾಮೂಲಾಗಿ ಮೊದಲು ವಾರ್ಮಪ್, ಆಮೇಲೆ ಡ್ರಿಲ್, ಕೊನೆಗೆ ಮ್ಯಾಚ್. ಮಕ್ಕಳಿಗೆ ಬೇಕಿರೋದು ಮ್ಯಾಚ್. ಅದು ಕೊನೆಯಲ್ಲಿ ಸಿಗುತ್ತದೆ ಅಂತ ಗೊತ್ತಿದ್ದರೆ ಇಪ್ಪತ್ತು ನಿಮಿಷ ತಡವಾಗಿ ಬಂದರೂ ಅವರಿಗೆ ನಷ್ಟವಿಲ್ಲ. ಆದ್ದರಿಂದ ನಮ್ಮಲ್ಲಿ ಸರಿಯಾಗಿ ಆರು ಗಂಟೆಗೆ ಮ್ಯಾಚ್ ಶುರು. ನಾಲ್ಕು ಜನ ಬಂದಿದ್ದರೆ ಇಬ್ಬರಿಗೆ ಇಬ್ಬರು. ಆರು ಜನ ಇದ್ದರೆ ಮೂವರಿಗೆ ಮೂವರು. ಸಣ್ಣ ಜಾಗ, ಸಣ್ಣ ಗೋಲ್, ಮೊದಲು ನಿಧಾನ, ಆಮೇಲೆ ಜೋರು, ಅದೇ ವಾರ್ಮಪ್. ತಡವಾಗಿ ಬಂದವನು ಒಬ್ಬನೇ ಮೈ ಬಿಸಿ ಮಾಡಿಕೊಂಡು ಗೆರೆಯ ಹೊರಗೆ ಕಾಯಬೇಕು. ಬೈಗುಳ ಇಲ್ಲ, ರೌಂಡ್ ಇಲ್ಲ. ಗೆಳೆಯರು ಒಳಗೆ ಗೋಲ್ ಹೊಡೆದು ಕೂಗುತ್ತಿರುವಾಗ ಹೊರಗೆ ನಿಲ್ಲೋದು ಹನ್ನೊಂದು ವರ್ಷದವನಿಗೆ ಎಷ್ಟು ಕಷ್ಟ ಅಂತ ನೋಡಿದವರಿಗೇ ಗೊತ್ತು. ಮರುದಿನ ಐದೂ ಮುಕ್ಕಾಲಿಗೆ ಬಂದು ಕೋನ್ ಜೋಡಿಸುತ್ತಿರುತ್ತಾನೆ.

ಇದಕ್ಕೂ ಒಂದು ವಿನಾಯಿತಿ ಇದೆ. ನಮ್ಮೂರಲ್ಲಿ ಮಂಡಕ್ಕಿ ಭಟ್ಟಿಗಳಿವೆ. ಅಲ್ಲಿ ಕೆಲಸ ಮಾಡುವ ಮನೆಗಳಲ್ಲಿ ದಿನ ಶುರುವಾಗೋದೇ ಬೇರೆ ಹೊತ್ತಿಗೆ. ಅಪ್ಪ ಅಮ್ಮ ನಸುಕಿನಲ್ಲೇ ಭಟ್ಟಿಗೆ ಹೋದರೆ ತಂಗಿಯನ್ನು ಎಬ್ಬಿಸಿ, ನೀರು ತುಂಬಿಟ್ಟು ಬರೋದು ದೊಡ್ಡ ಮಗನ ಕೆಲಸ. ಅಂಥ ಹುಡುಗನನ್ನು ಆರಕ್ಕೇ ಬಾ ಅನ್ನೋದು ಶಿಸ್ತಲ್ಲ, ಸುಮ್ನೆ ಹಟ. ಅವನ ಜೊತೆ ಕೂತು ಮಾತಾಡಿ ಅವನದೇ ಒಂದು ಟೈಮ್ ಗೊತ್ತು ಮಾಡುತ್ತೇವೆ. ಆರೂ ಇಪ್ಪತ್ತು ಅಂದರೆ ಆರೂ ಇಪ್ಪತ್ತು. ಅದಕ್ಕೆ ತಪ್ಪಿದರೆ ಅವನೂ ಹೊರಗೇ ನಿಲ್ಲಬೇಕು. ಬೇರೆ ಹುಡುಗರು "ಅವನಿಗೆ ಮಾತ್ರ ಯಾಕೆ ಸರ್?" ಅಂತ ಕೇಳುತ್ತಾರೆ. ಕೇಳಲಿ. ಕಾರಣ ಹೇಳಿದರೆ ಅವರಿಗೆ ಅರ್ಥವಾಗುತ್ತದೆ. ಅರ್ಥವಾಗದೆ ತಕರಾರು ತೆಗೆಯೋದು ಅವರ ಅಪ್ಪಂದಿರು.

ಉಳಿದ ಸಣ್ಣಪುಟ್ಟ ನಿಯಮಗಳು ಎಲ್ಲ ಕಡೆ ಇರುವಂಥವೇ. ಮೊಣಕಾಲ ಕೆಳಗೆ ಪೆಟ್ಟಾಗದಂತೆ ಕಟ್ಟುವ ಶಿನ್ ಗಾರ್ಡ್ ಇಲ್ಲದೆ ಆಡುವಂತಿಲ್ಲ. ತಂಡ ಗುರುತಿಸಲು ಅಂಗಿಯ ಮೇಲೆ ತೊಟ್ಟ ಬಣ್ಣದ ಬಿಬ್ ಅನ್ನು ಅವರೇ ಮಡಚಿ ಚೀಲಕ್ಕೆ ಹಾಕಬೇಕು. ರೆಫ್ರಿ ಹತ್ತಿರ ಹೋಗಿ ಮಾತಾಡೋದು ಕ್ಯಾಪ್ಟನ್ ಒಬ್ಬನೇ. ಈ ಕೊನೆಯದು 2024ರ ಯೂರೋ ಕಪ್‌ನಲ್ಲೂ ಜಾರಿಗೆ ಬಂತು ಅನ್ನೋದು ನನಗೆ ಬಹಳ ಅನುಕೂಲ ಆಯಿತು. ನಾನು ಹೇಳಿದರೆ ಕೇಳದವರು ಟಿವಿಯಲ್ಲಿ ನೋಡಿದ್ದನ್ನು ಕೇಳುತ್ತಾರೆ. ನಮ್ಮಲ್ಲಿ ಕ್ಯಾಪ್ಟನ್‌ನ ತೋಳುಪಟ್ಟಿ ವಾರ ವಾರ ಬೇರೊಬ್ಬನಿಗೆ ಹೋಗುತ್ತದೆ. ತಂಡದಲ್ಲಿ ಅತಿ ಹೆಚ್ಚು ವಾದ ಮಾಡುವವನಿಗೂ ಅವನ ಪಾಳಿ ಬರುತ್ತದೆ. ಆ ವಾರ ಅವನಷ್ಟು ಸೌಮ್ಯ ಇನ್ನೊಬ್ಬ ಇರಲ್ಲ.

ಈಗ ದೇಶದ ಮಾತು. ಓಟವನ್ನು ಶಿಕ್ಷೆ ಮಾಡುವ ಕೋಚ್ ಸಾಮಾನ್ಯವಾಗಿ ದೇಶವನ್ನೂ ಬೈಗುಳ ಮಾಡುತ್ತಾನೆ. "ಹಿಂಗೆ ಆಡಿದ್ರೆ ದೇಶಕ್ಕೆ ಆಡ್ತೀಯೇನೋ? ಬಾರ್ಡರ್‌ನಾಗೆ ಸೈನಿಕರು ನಿಂತಾರೆ, ನಿನಗೆ ಒಂದು ಪಾಸ್ ಕೊಡಾಕಾಗಲ್ಲ!" ಹನ್ನೆರಡು ವರ್ಷದ ಹುಡುಗ ಪಾಸ್ ತಪ್ಪಿದ್ದು ಕಾಲು ತಿರುಗಿಸಿದ್ದು ಸರಿಯಿಲ್ಲದ್ದಕ್ಕೆ. ಅದಕ್ಕೂ ಬಾರ್ಡರ್‌ಗೂ ಏನು ಸಂಬಂಧ? ಪದೇಪದೇ ಹೀಗೆ ಬೈಸಿಕೊಂಡವನಿಗೆ ದೇಶ ಅನ್ನೋದು ತಾನು ಎಂದೂ ಸರಿದೂಗದ ಒಂದು ದೊಡ್ಡ ಮೇಷ್ಟ್ರಾಗಿ ಕಾಣುತ್ತದೆ. ಪ್ರೀತಿ ಬರೋದು ಹೇಗೆ?

ದೇಶಕ್ಕೆ ಆಡಿಸೋದು ಹೇಗೆ ಅಂತ ತೋರಿಸಿಕೊಟ್ಟವರು ನಮ್ಮಲ್ಲೇ ಇದ್ದರು. ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ. ಮೊದಲು ಶಾಲಾ ಮೇಷ್ಟ್ರಾಗಿದ್ದವರು. ಅವರು ಕೋಚ್ ಆಗಿದ್ದಾಗ ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ 1954ರವರೆಗೆ ಸತತ ಐದು ಸಲ ಮುಂಬೈನ ಹೆಸರಾಂತ ಫುಟ್‌ಬಾಲ್ ಟೂರ್ನಿ ರೋವರ್ಸ್ ಕಪ್ ಗೆದ್ದಿತು. ಭಾರತ ತಂಡ 1951ರ ದೆಹಲಿ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದಿದ್ದು, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನಕ್ಕೆ ಬಂದಿದ್ದು ಅವರ ಕೈಕೆಳಗೇ. ಅವರ ಶಿಸ್ತಿನ ಬಗ್ಗೆ ಹೇಳುವವರು ಬಹಳ ಜನ. ನನಗೆ ಮುಖ್ಯ ಅನ್ನಿಸೋದು ಆ ಶಿಸ್ತನ್ನು ಅವರು ಇಟ್ಟ ಜಾಗ. ಡ್ರಿಬಲ್, ಅಂದರೆ ಬಾಲನ್ನು ಕಾಲಲ್ಲೇ ಇಟ್ಟುಕೊಂಡು ಎದುರಾಳಿಯನ್ನು ದಾಟಿಸೋದು, ಮಾಡುವಂತಿಲ್ಲ ಅಂತ ನಿಯಮ ಇಟ್ಟು ಪಂದ್ಯ ಆಡಿಸುತ್ತಿದ್ದರು. ಬಾರದ ಕಾಲಲ್ಲೇ ಒದೆಯಬೇಕು ಅಂತ ಆಡಿಸುತ್ತಿದ್ದರು. ಬಾಲ್ ಹಿಡಿದುಕೊಂಡು ಮೆರೆಯಬೇಡ ಅಂತ ಸಾವಿರ ಸಲ ಕೂಗುವ ಬದಲು ಮೆರೆಯಲು ಆಗದಂಥ ಆಟವನ್ನೇ ಕೊಟ್ಟರು. ನಮ್ಮ ಹುಡುಗರಿಗೂ ವಾರಕ್ಕೊಮ್ಮೆ ಎರಡೇ ಟಚ್‌ನ ಮ್ಯಾಚ್ ಇರುತ್ತದೆ, ಬಾಲ್ ಸಿಕ್ಕವನು ಎರಡು ಸಲ ಮುಟ್ಟುವುದರೊಳಗೆ ಬಿಟ್ಟುಕೊಡಬೇಕು. ಮೊದಮೊದಲು ಗೊಣಗುತ್ತಾರೆ. ಆಮೇಲೆ ತಲೆ ಎತ್ತಿ ನೋಡಲು ಕಲಿಯುತ್ತಾರೆ.

1962ರ ಜಕಾರ್ತಾ ಏಷ್ಯನ್ ಗೇಮ್ಸ್ ಕಥೆಯನ್ನು ಮಳೆ ಬಂದು ಆಟ ನಿಂತ ದಿನ ಹುಡುಗರಿಗೆ ಹೇಳುತ್ತೇನೆ. ಆಗ ಇಂಡೊನೇಷ್ಯಾ ಸರ್ಕಾರ ಇಸ್ರೇಲ್ ಮತ್ತು ತೈವಾನ್ ತಂಡಗಳನ್ನು ಬರಗೊಡಲಿಲ್ಲ. ಅದನ್ನು ಭಾರತದ ಕ್ರೀಡಾ ಅಧಿಕಾರಿ ಗುರುದತ್ ಸೋಂಧಿ ಟೀಕಿಸಿದರು. ಅಲ್ಲಿಯ ಜನರ ಸಿಟ್ಟು ನಮ್ಮ ಆಟಗಾರರ ಮೇಲೆ ತಿರುಗಿತು. ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯಾ ಎದುರು 0-2 ಸೋಲು. ಥಾಯ್ಲೆಂಡ್ ಎದುರಿನ ಪಂದ್ಯದಲ್ಲಿ ಡಿಫೆಂಡರ್ ಜರ್ನೈಲ್ ಸಿಂಗ್ ತಲೆಗೆ ಪೆಟ್ಟಾಗಿ ಹೊಲಿಗೆ ಬಿತ್ತು. ರಹೀಂ ಅವರಿಗೇ ಶ್ವಾಸಕೋಶದ ಕ್ಯಾನ್ಸರ್. ಭಾಷಣ ಮಾಡಲು ಇದಕ್ಕಿಂತ ಸಂದರ್ಭ ಬೇಕೇ? ಅವರು ಮಾಡಿದ್ದು ಲೆಕ್ಕಾಚಾರ. ತಲೆಗೆ ಪಟ್ಟಿ ಕಟ್ಟಿಕೊಂಡಿದ್ದ ಜರ್ನೈಲ್‌ರನ್ನು ಹಿಂದಿನಿಂದ ಎತ್ತಿ ಮುಂದಿನ ಸಾಲಿನಲ್ಲಿ ಸೆಂಟರ್ ಫಾರ್ವರ್ಡ್ ಆಗಿ ನಿಲ್ಲಿಸಿದರು. ಸೆಪ್ಟೆಂಬರ್ 4ರ ಫೈನಲ್‌ನಲ್ಲಿ ಎದುರಾಳಿ ಮತ್ತೆ ಅದೇ ದಕ್ಷಿಣ ಕೊರಿಯಾ. ಇಡೀ ಸ್ಟೇಡಿಯಂ ನಮ್ಮ ವಿರುದ್ಧ ಕೂಗುತ್ತಿತ್ತು. ಪಿ.ಕೆ. ಬ್ಯಾನರ್ಜಿ ಒಂದು ಗೋಲ್, ಜರ್ನೈಲ್ ಇನ್ನೊಂದು. 2-1, ಚಿನ್ನ. ಮರುವರ್ಷ ಜೂನ್‌ನಲ್ಲಿ ರಹೀಂ ತೀರಿಕೊಂಡರು. ಏಷ್ಯನ್ ಗೇಮ್ಸ್ ಫುಟ್‌ಬಾಲ್‌ನಲ್ಲಿ ಭಾರತಕ್ಕೆ ಆಮೇಲೆ ಚಿನ್ನ ಬಂದೇ ಇಲ್ಲ.

ಈ ಕಥೆಯ ಇನ್ನೊಂದು ತುಣುಕು ನನಗೆ ಬಹಳ ಇಷ್ಟ. ಆ ಜನಸಾಗರದ ನಡುವೆ ಭಾರತಕ್ಕೆ ಕೂಗಿ ಹುರಿದುಂಬಿಸಿದವರಲ್ಲಿ ಪಾಕಿಸ್ತಾನದ ಹಾಕಿ ತಂಡದವರು ಇದ್ದರು ಅಂತ ಅಂದು ಆಡಿದವರೇ ಮುಂದೆ ನೆನಪಿಸಿಕೊಂಡಿದ್ದಾರೆ. ಇದನ್ನು ಹೇಳಿದಾಗ ಹುಡುಗರು ನಂಬಲ್ಲ. "ಸುಳ್ಳು ಹೇಳ್ತೀರಿ ಸರ್" ಅಂತಾರೆ.

ನಂಬದಿರಲು ಕಾರಣವೂ ಇದೆ. ಒಂದು ಬೆಳಿಗ್ಗೆ ಎರಡು ತಂಡ ಮಾಡಿ ಬಿಬ್ ಹಂಚಿದೆ. ಒಂದಕ್ಕೆ ಕಿತ್ತಳೆ, ಇನ್ನೊಂದಕ್ಕೆ ಹಸಿರು. ಚೀಲದಲ್ಲಿ ಇದ್ದಿದ್ದೇ ಆ ಎರಡು ಬಣ್ಣ. ಕಿತ್ತಳೆ ಬಿಬ್‌ನ ಒಬ್ಬ "ಲೇ, ಅವ್ರು ಪಾಕಿಸ್ತಾನ ಕಣ್ರೋ" ಅಂದ. ಎಲ್ಲರೂ ನಕ್ಕರು. ಹಸಿರು ಬಿಬ್ ಹಾಕಿದ್ದ ಒಬ್ಬ ಹುಡುಗ ಮಾತ್ರ ನಗಲಿಲ್ಲ. ಅವನ ಹೆಸರು ಏನಿರಬಹುದು ಅಂತ ನಾನು ಹೇಳಬೇಕಾಗಿಲ್ಲ. ಆಟ ಶುರುವಾಯಿತು. ದಿನಾ "ಇಲ್ಲಿ ಕೊಡೋ, ಇಲ್ಲಿ ಕೊಡೋ" ಅಂತ ಮೈದಾನ ತುಂಬಾ ಕೈ ಎತ್ತಿ ಓಡುವವನು ಅವತ್ತು ಒಂದು ಸಲವೂ ಬಾಲ್ ಕೇಳಲಿಲ್ಲ. ಗೆರೆಯ ಹತ್ತಿರವೇ ನಿಂತಿದ್ದ. ನಾನು ಸೀಟಿ ಊದಿ ಬಿಬ್ ಅದಲುಬದಲು ಮಾಡಿಸಿದೆ. ಆ ಮಾತಾಡಿದವನಿಗೆ ಹಸಿರು, ಸುಮ್ಮನಿದ್ದವನಿಗೆ ಕಿತ್ತಳೆ. ಸ್ವಲ್ಪ ಹೊತ್ತಿಗೆ ಮತ್ತೆ ಬದಲು. ಮತ್ತೆ ಬದಲು. ಮೂರನೇ ಸಲಕ್ಕೆ ಯಾರು ಯಾವ ದೇಶ ಅಂತ ನೆನಪಿಟ್ಟುಕೊಳ್ಳಲು ಯಾರಿಗೂ ಪುರುಸೊತ್ತಿರಲಿಲ್ಲ. ಅವತ್ತಿಂದ ನಮ್ಮಲ್ಲಿ ಆಟದ ಮಧ್ಯೆ ಬಿಬ್ ಬದಲಾಗುತ್ತದೆ. ಬಾಲ್ ಬರುವ ಮುಂಚೆ ಸುತ್ತ ನೋಡಿ ಬಣ್ಣ ಗುರುತಿಸುವ ಅಭ್ಯಾಸಕ್ಕೂ ಅದು ಒಳ್ಳೆಯದು.

ಮಕ್ಕಳನ್ನು ಬೈದು ಪ್ರಯೋಜನವಿಲ್ಲ. ಅವರು ನೋಡಿ ಕಲಿಯೋದು ನಮ್ಮನ್ನೇ. 2023ರ ಜೂನ್‌ನಲ್ಲಿ ಬೆಂಗಳೂರಿನ ಕಂಠೀರವ ಸ್ಟೇಡಿಯಂನಲ್ಲಿ ದಕ್ಷಿಣ ಏಷ್ಯಾ ದೇಶಗಳ ಸ್ಯಾಫ್ ಚಾಂಪಿಯನ್‌ಶಿಪ್ ನಡೆಯಿತು. ಭಾರತ ಪಾಕಿಸ್ತಾನವನ್ನು 4-0ಯಿಂದ ಸೋಲಿಸಿತು, ಸುನಿಲ್ ಛೆಟ್ರಿ ಹ್ಯಾಟ್ರಿಕ್ ಹೊಡೆದರು. ಮರುದಿನ ನಮ್ಮ ಹುಡುಗರು ಮಾತಾಡಿದ್ದು ಹ್ಯಾಟ್ರಿಕ್ ಬಗ್ಗೆ ಅಲ್ಲ. ಪಾಕ್ ಆಟಗಾರ ತ್ರೋ ಹಾಕಲು ಹೊರಟಾಗ ಭಾರತದ ಕೋಚ್ ಇಗೋರ್ ಸ್ಟಿಮಾಕ್ ಅವನ ಕೈಯಿಂದ ಬಾಲ್ ಬೀಳಿಸಿದ್ದರ ಬಗ್ಗೆ. ತಳ್ಳಾಟ ಆಯಿತು, ಕೋಚ್‌ಗೆ ರೆಡ್ ಕಾರ್ಡ್ ಬಿತ್ತು. "ಸಖತ್ ಸರ್, ಬಿಡ್ಲೇ ಇಲ್ಲ" ಅಂದರು. ತಮ್ಮ ಆಟಗಾರರ ಪರ ನಿಲ್ಲುವ ಸ್ಟಿಮಾಕ್ ಅವರ ಹಂಬಲ ನನಗೆ ಅರ್ಥವಾಗುತ್ತದೆ. ಆದರೆ ಅದೇ ಟೂರ್ನಿಯಲ್ಲಿ ಕುವೈತ್ ಎದುರು ಅವರಿಗೆ ಮತ್ತೆ ರೆಡ್ ಕಾರ್ಡ್ ಬಿತ್ತು. ಸೆಮಿಫೈನಲ್‌ಗೂ ಫೈನಲ್‌ಗೂ ಅವರು ಬೆಂಚ್‌ನಲ್ಲಿ ಇರಲಿಲ್ಲ, ಸಹಾಯಕ ಕೋಚ್ ಮಹೇಶ್ ಗಾವ್ಳಿ ತಂಡ ನೋಡಿಕೊಂಡರು. ಎರಡೂ ಪಂದ್ಯ ಪೆನಾಲ್ಟಿವರೆಗೆ ಹೋದವು. ಗೆದ್ದೆವು, ನಿಜ. ಅಂಥ ಹೊತ್ತಿನಲ್ಲಿ ತಂಡಕ್ಕೆ ಕೋಚ್ ಬೇಕಾಗಿತ್ತೋ ಇಲ್ಲವೋ ಅಂತ ನಾನು ಹುಡುಗರನ್ನೇ ಕೇಳಿದೆ. ಒಬ್ಬ ಹೇಳಿದ: "ಬೇಕಿತ್ತು ಸರ್. ಆದ್ರೂ ಸಖತ್." ಅರ್ಧ ಗೆದ್ದ ಹಾಗಾಯಿತು.

ಜರ್ಸಿಯ ಮೇಲಿನ ಹೆಸರಿನ ಬಗ್ಗೆ ನಮ್ಮ ಜಿಲ್ಲೆಯೇ ಒಂದು ಪಾಠ. ದಾವಣಗೆರೆ ಜಿಲ್ಲೆ ಹುಟ್ಟಿದ್ದು 1997ರ ಆಗಸ್ಟ್ 15ರಂದು. ಅದಕ್ಕೂ ಮುಂಚೆ ನಮ್ಮೂರ ಹುಡುಗರು ರಾಜ್ಯ ಮಟ್ಟಕ್ಕೆ ಹೋದರೆ ಎದೆಯ ಮೇಲೆ ಚಿತ್ರದುರ್ಗ ಅಂತ ಇರುತ್ತಿತ್ತು. ಒಂದೇ ದಿನದಲ್ಲಿ ಜೊತೆಗಾರರು ಎದುರಾಳಿಗಳಾದರು. ಹರಪನಹಳ್ಳಿಯವರ ಕಥೆ ಇನ್ನೂ ಚೆನ್ನಾಗಿದೆ. ಬಳ್ಳಾರಿಯಿಂದ ನಮ್ಮ ಜಿಲ್ಲೆಗೆ ಬಂದರು, ಮತ್ತೆ ಬಳ್ಳಾರಿಗೆ ಹೋದರು, ಈಗ ವಿಜಯನಗರ. ಅಲ್ಲಿಯ ಹುಡುಗ ಯಾವ ಜರ್ಸಿ ತೊಟ್ಟರೂ ಅದಕ್ಕಾಗಿ ಪೂರ್ತಿ ಓಡಬೇಕು. ನಿನ್ನೆಯ ಜರ್ಸಿಯವರನ್ನು ದ್ವೇಷಿಸಬೇಕಾಗಿಲ್ಲ. ಇದನ್ನು ಯಾರಿಗೂ ವಿವರಿಸಿ ಹೇಳಬೇಕಿಲ್ಲ, ಚಿತ್ರದುರ್ಗದ ತಂಡ ಆಡಲು ಬಂದರೆ ಮ್ಯಾಚ್ ಮುಗಿದ ಮೇಲೆ ಎರಡೂ ಕಡೆಯವರು ಒಂದೇ ಹೋಟೆಲಿನಲ್ಲಿ ಬೆಣ್ಣೆ ದೋಸೆಗೆ ಕಾಯುತ್ತಿರುತ್ತಾರೆ.

ಆಗಸ್ಟ್ 15ರಂದು ನಾವೂ ಧ್ವಜಾರೋಹಣಕ್ಕೆ ನಿಲ್ಲುತ್ತೇವೆ. ರಾಷ್ಟ್ರಗೀತೆ ಸುಮಾರು 52 ಸೆಕೆಂಡು. ಅಷ್ಟು ಹೊತ್ತು ಅಲುಗಾಡದೆ ನಿಲ್ಲಬೇಕು, ಅದು ಎಲ್ಲರಿಗೂ ಒಂದೇ ನಿಯಮ. ಯಾರ ಧ್ವನಿ ಎಷ್ಟು ಜೋರು ಅಂತ ನಾನು ಅಳೆಯಲ್ಲ. ಕೇರಳದ ಮೂವರು ಮಕ್ಕಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1986ರಲ್ಲೇ ಹೇಳಿದೆ: ಗೌರವದಿಂದ ಎದ್ದು ನಿಂತ ಮಗು ಹಾಡಲಿಲ್ಲ ಅನ್ನೋದು ರಾಷ್ಟ್ರಗೀತೆಗೆ ಅವಮಾನವಲ್ಲ. ನಮ್ಮಲ್ಲಿ ಒಬ್ಬನಿಗೆ ತೊದಲು ಇದೆ. ಅವನು ಹಾಡಲ್ಲ. ಅವನ ಹಾಗೆ ನೆಟ್ಟಗೆ ನಿಲ್ಲುವವರು ಕಡಿಮೆ.

ಮರುದಿನ ಬೆಳಿಗ್ಗೆ ಮೈದಾನ ನೋಡಬೇಕು. ಪೇಪರ್ ಬಾವುಟ, ಪ್ಲಾಸ್ಟಿಕ್ ಬಾವುಟ, ಚಾಕಲೇಟ್ ಕಾಗದ ಎಲ್ಲ ಒಟ್ಟಿಗೆ ಬಿದ್ದಿರುತ್ತವೆ. 2002ರ ಧ್ವಜ ಸಂಹಿತೆಯಲ್ಲಿ ಸ್ಪಷ್ಟವಾಗಿದೆ: ಸಮಾರಂಭ ಮುಗಿದ ಮೇಲೆ ಕಾಗದದ ಧ್ವಜವನ್ನು ನೆಲಕ್ಕೆ ಬಿಸಾಡುವಂತಿಲ್ಲ, ಗೌರವದಿಂದ, ಖಾಸಗಿಯಾಗಿ ವಿಲೇವಾರಿ ಮಾಡಬೇಕು. ಹಿಂದಿನ ದಿನ ಮೈಕ್ ಹಿಡಿದು ಮಾತಾಡಿದ ಯಾರೂ ಆ ಹೊತ್ತಿಗೆ ಬಂದಿರಲ್ಲ. ಆ ಒಂದು ದಿನ ಮಾತ್ರ ಆರು ಗಂಟೆಗೆ ಮ್ಯಾಚ್ ಶುರುವಾಗಲ್ಲ. ಹುಡುಗರು ಸಾಲಾಗಿ ಮೈದಾನದ ಈ ತುದಿಯಿಂದ ಆ ತುದಿಗೆ ಹೋಗಿ ಬಾವುಟಗಳನ್ನು ಬೇರೆ ಚೀಲಕ್ಕೆ, ಕಸವನ್ನು ಬೇರೆ ಚೀಲಕ್ಕೆ ಹಾಕುತ್ತಾರೆ. ಯಾವುದು ಯಾವ ಚೀಲಕ್ಕೆ ಅಂತ ಜಗಳ ಬೇರೆ. ಬಾವುಟ ಅಂಟಿಸಿದ್ದ ಬಲೂನು ಎಲ್ಲಿಗೆ ಹೋಗಬೇಕು ಅನ್ನೋದು ಇನ್ನೂ ಇತ್ಯರ್ಥವಾಗಿಲ್ಲ.

ನಿಜ ಹೇಳಬೇಕೆಂದರೆ ಮಕ್ಕಳ ಶಿಸ್ತು ನನಗೆ ದೊಡ್ಡ ತಲೆನೋವಲ್ಲ. ಪಂದ್ಯದ ದಿನ ಗೆರೆಯ ಪಕ್ಕ ನಿಲ್ಲುವ ಮನೆಯವರನ್ನು ಸುಧಾರಿಸೋದೇ ಕಷ್ಟ. ಡಿಸಿಪ್ಲಿನ್ ಕಲಿಸ್ರಿ ಅಂತ ಬಂದಿದ್ದ ಅದೇ ಅಪ್ಪ ಆಫ್‌ಸೈಡ್ ಕೊಟ್ಟ ರೆಫ್ರಿಯ ವಂಶವನ್ನೇ ಜಾಲಾಡುತ್ತಿರುತ್ತಾರೆ. ಮಗನಿಗೆ ಒಂದೇ ಸಮ "ಶೂಟ್ ಮಾಡೋ, ಶೂಟ್ ಮಾಡೋ" ಅಂತ ಕೂಗುತ್ತಾರೆ, ಬಾಲ್ ಇನ್ನೂ ನಮ್ಮ ಗೋಲಿ ಕೈಯಲ್ಲಿರುತ್ತದೆ. 2019ರಿಂದ ನಿಯಮದಲ್ಲಿ ಕೋಚ್‌ಗೂ ಹಳದಿ, ಕೆಂಪು ಕಾರ್ಡ್ ತೋರಿಸಬಹುದು. ಅಪ್ಪಂದಿರಿಗೆ ತೋರಿಸುವ ಕಾರ್ಡ್ ಇನ್ನೂ ಬಂದಿಲ್ಲ.

ಅಲ್ಲಿವರೆಗೆ ನಮ್ಮ ಏರ್ಪಾಡು ಇಷ್ಟು. ತಂಡದ ಬೆಂಚ್ ಮೈದಾನದ ಒಂದು ಬದಿಗೆ, ಮನೆಯವರು ಎದುರು ಬದಿಗೆ, ಗೆರೆಯಿಂದ ಸ್ವಲ್ಪ ಹಿಂದೆ. ಚಪ್ಪಾಳೆ ತಟ್ಟಬಹುದು. ಎರಡೂ ತಂಡಕ್ಕೆ ತಟ್ಟಿದರೆ ಇನ್ನೂ ಒಳ್ಳೆಯದು. ಪಾಸ್ ಕೊಡು, ಶೂಟ್ ಮಾಡು ಅಂತ ಹೇಳುವಂತಿಲ್ಲ. ರೆಫ್ರಿಗೆ ಏನಾದರೂ ಹೇಳಲೇಬೇಕು ಅನ್ನಿಸಿದರೆ ಬ್ರೇಕ್‌ನಲ್ಲಿ ಕ್ಯಾಪ್ಟನ್‌ಗೆ ಹೇಳಿ. ಅವನಿಗೆ ಹನ್ನೆರಡು ವರ್ಷ. ಯಾವುದನ್ನು ಹೇಳಬೇಕು, ಯಾವುದನ್ನು ಬಿಡಬೇಕು ಅಂತ ಅವನು ನೋಡಿಕೊಳ್ಳುತ್ತಾನೆ.